ಪಾಳಿ ಒಪ್ಪಿಸಿದ ಕೈ

ದೆವ್ವ, ಭೂತ, ಮೈಮೇಲೆ ಬರುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಮೂವತ್ತು ವರ್ಷಕ್ಕೂ ಮೇಲೆ ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ನರ್ಸಾಗಿ ತಿರುಗಿದ್ದೇನೆ. ಬೇವಿನ ಮರದಡಿ ಏನೋ ಕಂಡಿತೆಂದು ಜ್ವರ ಬಂದು ಮಲಗಿದವರಿಗೆ ಗುಳಿಗೆ ನುಂಗಿಸಿ, ಬೈದು ಎಬ್ಬಿಸಿದವಳು ನಾನು. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆಂದರೆ ಓದುವವರು ನಗಬಹುದು. ನಗಲಿ. ಇಂಥವೆಲ್ಲ ರಾತ್ರಿ ಹೊತ್ತು ನಡೆಯಬೇಕೆಂಬ ವಾಡಿಕೆ ಬೇರೆ. ನನಗೆ ನಡೆದದ್ದು ಹಾಡಹಗಲು, ಮಧ್ಯಾಹ್ನ ಮೂರರ ಸುಮಾರಿಗೆ, ಎದುರಿನ ಹಿಟ್ಟಿನ ಗಿರಣಿ ಗರಗರ ಎನ್ನುತ್ತಿದ್ದಾಗ.

ಮೊದಲು ನನ್ನದೇ ಒಂದು ಸಂಗತಿ ಹೇಳಿಬಿಡಬೇಕು. ಅದಕ್ಕೂ ಮೂರು ವರ್ಷ ಹಿಂದೆ ನನ್ನ ಯಜಮಾನರು ಇದೇ ಮನೆಯಲ್ಲಿ ತೀರಿಕೊಂಡಿದ್ದರು. ಎದೆಬೇನೆ. ಚಳಿಗಾಲದ ರಾತ್ರಿ ಪೂರ್ತಿ ಅವರ ಪಕ್ಕ ಕೂತಿದ್ದವಳಿಗೆ ಬೆಳಗಿನ ಜಾವ ಕಣ್ಣು ಹತ್ತಿತು. ಎದ್ದು ನೋಡಿದರೆ ಅವರಿರಲಿಲ್ಲ. ಸೀಮೆಯ ರೋಗಿಗಳಿಗೆಲ್ಲ ಎಚ್ಚರವಿದ್ದವಳು ಗಂಡನ ಕೊನೆಗಳಿಗೆಯಲ್ಲಿ ನಿದ್ದೆ ಹೋದೆ ಎಂಬ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅವರು ಹೋದ ಮೂರನೆಯ ವರ್ಷದ ಮಳೆಗಾಲಕ್ಕೆ ಬಸಣ್ಣ ಮತ್ತು ಶೈಲಾ ನಮ್ಮ ಹಿಂದಿನ ಎರಡು ಕೋಣೆಗೆ ಬಾಡಿಗೆಗೆ ಬಂದರು. ಬಸಣ್ಣ ನಮ್ಮ ಈ ಬೇವೂರಿನಲ್ಲೇ ಹುಟ್ಟಿದವನು. ಹುಡುಗನಿದ್ದಾಗಲೇ ಕೂಲಿಗೆಂದು ಕಾರವಾರಕ್ಕೆ ಹೋಗಿ, ಅಲ್ಲಿಂದ ದೋಣಿ, ದೋಣಿಯಿಂದ ಹಡಗು ಹತ್ತಿದವನು. ಶೈಲಾ ಕಾರವಾರದವಳು. ಮಕ್ಕಳಿರಲಿಲ್ಲ. ಹಡಗಿನ ಕೆಲಸ ಬಿಟ್ಟ ಮೇಲೆ ಗೋವಾದಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡು, ಹನ್ನೊಂದು ವರ್ಷದಿಂದ ಇಬ್ಬರೇ ಅದರಲ್ಲೇ ಸಂಸಾರ ಮಾಡಿಕೊಂಡಿದ್ದರು. ಅಡುಗೆ, ನಿದ್ದೆ, ಜಗಳ ಎಲ್ಲ ಅದರೊಳಗೇ. ಮಳೆಗಾಲದಲ್ಲಿ ಸಮುದ್ರ ಕೆರಳುವುದರಿಂದ ದೋಣಿಯನ್ನು ದಡಕ್ಕೆಳೆದು ನಾಲ್ಕು ತಿಂಗಳು ನೆಲದ ಮೇಲಿರುತ್ತಿದ್ದರು. ಆ ಸಲ ಬಸಣ್ಣನಿಗೆ ಹುಟ್ಟಿದೂರು ನೋಡುವ ಆಸೆಯಾಯಿತು. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಊರಲ್ಲಿ ದೋಣಿಯವನು ಹೇಗೆ ಹುಟ್ಟಿದ ಎಂದು ಕಟ್ಟೆಯ ಮೇಲಿನವರು ಚೇಷ್ಟೆ ಮಾಡುತ್ತಿದ್ದರು.

ಅವರ ರೀತಿಯೇ ಬೇರೆ. ಶೈಲಾ ಗೋಡೆಯ ಹಲಗೆಯ ಮೇಲಿನ ಪಾತ್ರೆಗಳನ್ನೆಲ್ಲ ಹಗ್ಗದಿಂದ ಬಿಗಿದಿಟ್ಟಳು. ನೆಲ ಅಲ್ಲಾಡುವುದಿಲ್ಲವೆಂದು ಆಕೆಗೆ ತಲೆ ಸುತ್ತುತ್ತಿತ್ತು. ಎಲ್ಲಕ್ಕಿಂತ ವಿಚಿತ್ರ ಅವರ ನಿದ್ದೆ. ಇಬ್ಬರೂ ಒಟ್ಟಿಗೆ ಮಲಗುತ್ತಿರಲಿಲ್ಲ. ಮೂರು ತಾಸು ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದು ಕೂಡಬೇಕು. ನಡುಸಮುದ್ರದಲ್ಲಿ ಇಬ್ಬರೂ ನಿದ್ದೆ ಹೋದರೆ ದೊಡ್ಡ ಹಡಗು ಬಂದು ಹಾಯ್ದುಬಿಡುತ್ತದಂತೆ. ನೆಲಕ್ಕೆ ಬಂದ ಮೇಲೂ ಅದು ಬಿಟ್ಟಿರಲಿಲ್ಲ. ಒಬ್ಬರು ಎಚ್ಚರವಿದ್ದಾರೆಂದು ಗೊತ್ತಿದ್ದರಷ್ಟೇ ಇನ್ನೊಬ್ಬರಿಗೆ ನಿದ್ದೆ.

"ಇಲ್ಲಿ ಯಾವ ಹಡಗ ಬಂದು ಹಾಯತೈತೋ ಬಸಣ್ಣ? ಹೆಚ್ಚಂದ್ರ ಬಾಜೂ ಮನಿ ಎಮ್ಮಿ ಬಂದೀತು" ಎಂದು ನಾನು ನಕ್ಕಿದ್ದೆ.

"ನಕ್ಕೋರ್ರಿ ಅಕ್ಕಾರ. ಎಮ್ಮಿ ಬಂದ್ರೂ ನೋಡಾಕ ಒಬ್ರು ಬೇಕಲ್ಲ" ಎಂದಿದ್ದ.

ಶ್ರಾವಣದಲ್ಲಿ ಶೈಲಾಗೆ ಡೆಂಗಿ ಜ್ವರ ಬಂತು. ಕೊಪ್ಪಳದ ಆಸ್ಪತ್ರೆಗೆ ಸೇರಿಸಿದೆವು. ಬಸಣ್ಣ ನಾಲ್ಕು ದಿನ ಅಲ್ಲೇ ಇದ್ದ. ಐದನೆಯ ದಿನ ಕಾರವಾರದಿಂದ ಶೈಲಾಳ ತಂಗಿ ಬಂದು, ಭಾವ, ಹೋಗಿ ಜಳಕ ಮಾಡಿ ಒಂದಿಷ್ಟು ಮಲಗಿ ಬನ್ನಿ ಎಂದು ಗದರಿಸಿ ಬಸ್ಸಿಗೆ ಹತ್ತಿಸಿದಳಂತೆ. ಮನೆಗೆ ಬಂದವನ ಮುಖ ನೋಡಿ ಹೆದರಿದೆ. ಕಣ್ಣು ಕೆಂಡವಾಗಿದ್ದವು. ರೊಟ್ಟಿ ಮುಟ್ಟಲಿಲ್ಲ. ಮಲಗು ಎಂದರೆ, "ಹ್ಯಾಂಗ ಮಲಗ್ಲಿರಿ? ಪಾಳಿಗೆ ಯಾರೂ ಇಲ್ಲ" ಎಂದ. ಹೆಂಡತಿ ಜ್ವರದಲ್ಲಿ ಬಿದ್ದ ನಾಲ್ಕು ದಿನವೂ ಅವನು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ.

"ನಾ ಅದೀನಿ. ನಾ ಕುಂದರತೀನಿ ಪಾಳಿಗೆ. ನೀ ಮಕ್ಕೊ" ಎಂದೆ.

ನನ್ನ ಮುಖವನ್ನೇ ನೋಡಿದ. "ನಿದ್ದಿ ಮಾಡೂದಿಲ್ಲಲ್ರಿ?"

"ಆಣಿಗೂ ಮಾಡೂದಿಲ್ಲ."

ಆಗ ಎಬ್ಬಿಸುವ ರೀತಿ ಹೇಳಿಕೊಟ್ಟ. ಹೆಸರು ಹಿಡಿದು ಕೂಗಬಾರದು, ಬೆಚ್ಚಿಬೀಳುತ್ತಾರೆ. ಕಾಲಿನ ಹೆಬ್ಬೆರಳನ್ನು ಎರಡು ಸಲ ಒತ್ತಬೇಕು, ಅಷ್ಟೇ. ನಮ್ಮಲ್ಲಿ ಕಾಲು ಮುಟ್ಟುವುದು ನಮಸ್ಕಾರಕ್ಕೆ, ನಿಮ್ಮಲ್ಲಿ ಎಬ್ಬಿಸುವುದಕ್ಕೇನು ಎಂದು ನಗಿಸಲು ನೋಡಿದೆ. ನಾಲ್ಕು ಗಂಟೆಗೆ ಎಬ್ಬಿಸಿ ಎಂದು ಹೇಳಿ, ಮಂಚದ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದವನಿಗೆ ಆ ಕ್ಷಣವೇ ನಿದ್ದೆ ಬಂತು. ಆಗ ಒಂದು ಗಂಟೆ. ಬೀದಿಯ ಆಡುಗಳು ನುಗ್ಗುತ್ತವೆಂದು ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಇನ್ನೊಂದು ಮೂಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತೆ.

ಎಷ್ಟು ಹೊತ್ತು ಎಚ್ಚರವಿದ್ದೆನೋ ತಿಳಿಯದು. ಗಿರಣಿಯ ಸದ್ದಿಗೆ ಜೊಂಪು ಹತ್ತಿತು. ಹೌದು, ಎರಡನೆಯ ಸಲವೂ ನಾನು ನಿದ್ದೆ ಹೋದೆ.

ಯಾರೋ ನನ್ನ ಬಲಗಾಲಿನ ಹೆಬ್ಬೆರಳನ್ನು ಒತ್ತಿದರು. ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ. ಆಮೇಲೆ ಕೈ ಹೋಗಲಿಲ್ಲ. ಪಾದವನ್ನು ಹಿಡಿದುಕೊಂಡೇ ಇತ್ತು. ಒರಟು ಅಂಗೈ, ಬೆಚ್ಚಗಿತ್ತು. ಕಣ್ಣು ತೆರೆಯದೆಯೇ ನಿದ್ದೆಗಣ್ಣಲ್ಲಿ "ಎದ್ದೆ, ಎದ್ದೆ" ಎಂದೆ. ಹಾಗೆಂದ ಮೇಲೆ ಕೈ ಬಿಟ್ಟಿತು.

ಕಣ್ಣು ಬಿಟ್ಟರೆ ಎದುರಿಗೆ ಯಾರೂ ಇಲ್ಲ. ಚಿಲಕ ಹಾಕಿದ ಹಾಗೇ ಇತ್ತು. ಗಡಿಯಾರದಲ್ಲಿ ಮೂರು ಹತ್ತು. ಬಸಣ್ಣ ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದ. ಅವನೇ ಎದ್ದು ಬಂದು ಮತ್ತೆ ಮಲಗಿದನೇ ಎಂದುಕೊಂಡು ಹತ್ತಿರ ಹೋಗಿ ಹೆಬ್ಬೆರಳು ಒತ್ತಿದೆ. ತಣ್ಣಗಿತ್ತು. ನಾಡಿ ಇರಲಿಲ್ಲ. ಕೆಳಗಿಳಿಸಿ, ಎದೆ ಒತ್ತಿ, ಕಲಿತದ್ದನ್ನೆಲ್ಲ ಮಾಡಿದೆ. ಮಾಡುವಾಗಲೇ ನನ್ನ ಕೈಗೆ ತಿಳಿದಿತ್ತು. ಜೀವ ಹೋಗಿ ಅರ್ಧ ತಾಸಾದರೂ ಆಗಿತ್ತು. ಆದರೆ ನನ್ನ ಪಾದ ಹಿಡಿದ ಕೈ ಬೆಚ್ಚಗಿತ್ತು.

ಶೈಲಾಳನ್ನು ಆಸ್ಪತ್ರೆಯಿಂದ ಕರೆತಂದು ಮರುದಿನ ಮಣ್ಣು ಮಾಡಿದೆವು. ಅವಳು ಅಳಲಿಲ್ಲ. ಬಂದವರಿಗೆಲ್ಲ ನಾನು, ಪಕ್ಕದಲ್ಲೇ ಕೂತಿದ್ದೆ, ನಿದ್ದೆಯಲ್ಲೇ ಹೋದ ಎಂದು ಹೇಳುತ್ತಿದ್ದೆ. ಕೂತಿದ್ದು ನಿಜ. ಎಚ್ಚರವಿರಲಿಲ್ಲ ಎಂಬುದನ್ನು ಮಾತ್ರ ನುಂಗಿಕೊಂಡೆ. ಎಚ್ಚರವಿದ್ದಿದ್ದರೆ ಉಳಿಸಬಹುದಿತ್ತೋ ಏನೋ, ಅದು ದೇವರಿಗೇ ಗೊತ್ತು.

ಹದಿನೈದು ದಿನದ ಮೇಲೆ ಶೈಲಾ ಹೊರಟು ನಿಂತಾಗ ನನ್ನಿಂದ ತಡೆಯಲಾಗಲಿಲ್ಲ. "ಶೈಲಾ, ನಾ ಪಾಳಿಗೆ ಕುಂತು ನಿದ್ದಿ ಮಾಡಿದೆನವ್ವಾ" ಎಂದು ಅವಳ ಕೈ ಹಿಡಿದು ಅತ್ತೆ. ಹೆಬ್ಬೆರಳಿನ ಸಂಗತಿಯನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಅಕ್ಕಾ, ಕೈ ಯಾವಾಗ ಬಿಟ್ರು?"

"ನಾ ಎದ್ದೆ ಅಂದಮ್ಯಾಲೆ."

ಅವಳು ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆಯೇ ಕೂತಳು. ಒಮ್ಮೆ ನಡುಸಮುದ್ರದಲ್ಲಿ ಬಸಣ್ಣ ಎಬ್ಬಿಸಿ ಹೋಗಿ ಮಲಗಿದ ಮೇಲೆ ಇವಳು ಮತ್ತೆ ನಿದ್ದೆ ಹೋಗಿದ್ದಳಂತೆ. ಒಂದು ತಾಸು ದೋಣಿ ಕಾಯುವವರೇ ಇರಲಿಲ್ಲ. ಅಂದಿನಿಂದ ಅವರಿಬ್ಬರ ನೇಮ, ಎಬ್ಬಿಸಿದವರು ಪಾದ ಹಿಡಿದೇ ಇರಬೇಕು, ಮಲಗಿದವರು ಬಾಯಿಬಿಟ್ಟು ಎದ್ದೆ ಎನ್ನುವ ತನಕ ಬಿಡಬಾರದು. "ಅದನ್ನ ನಾವು ಯಾರಿಗೂ ಹೇಳಿದ್ದಿಲ್ಲ ಅಕ್ಕಾ" ಎಂದಳು. ಆಮೇಲೆ, "ಹಾಗಾದ್ರೆ ಪಾಳಿ ಒಪ್ಪಿಸಿಯೇ ಹೋದ್ರು" ಎಂದವಳು ಆ ಹದಿನೈದು ದಿನದ ಅಳುವನ್ನೆಲ್ಲ ಅಲ್ಲೇ ಅತ್ತಳು.

ನನಗೂ ಬಸಣ್ಣ ಎರಡು ಸಲ ಒತ್ತುವುದನ್ನಷ್ಟೇ ಹೇಳಿಕೊಟ್ಟಿದ್ದ. ಅದು ಕನಸಾಗಿ ಬಂದಿರಬಹುದು, ಒಪ್ಪುತ್ತೇನೆ. ಹೇಳಿಕೊಡದೆ ಇದ್ದದ್ದು ನನ್ನ ಕನಸಿಗೆ ಹೇಗೆ ಬಂತು? ನನ್ನ ಮೂವತ್ತು ವರ್ಷದ ನರ್ಸಗಿರಿ ಇಲ್ಲಿ ಸೋಲುತ್ತದೆ.

ಶೈಲಾ ದೋಣಿ ಮಾರಿ ಈಗ ತಂಗಿಯ ಮನೆಯಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ, "ಈಗ ರಾತ್ರಿಯಿಡೀ ನಿದ್ದೆ ಬರ್ತದೆ ಅಕ್ಕಾ, ಅದೇ ಬೇಜಾರು" ಎಂದಳು.

ನನಗೆ ಹಾಗಲ್ಲ. ನಾನು ಎಂಥ ಚಳಿಯಲ್ಲೂ ಪಾದಗಳನ್ನು ಕೌದಿಯಿಂದ ಹೊರಗಿಟ್ಟೇ ಮಲಗುತ್ತೇನೆ. ಯಜಮಾನರು ಹೋದ ಆ ಬೆಳಗಿನ ಜಾವ ನಾನು ಕಾಲಿನ ತುಂಬ ಕೌದಿ ಸುತ್ತಿಕೊಂಡು ಕೂತಿದ್ದೆ. ಅವರು ಕೌದಿಯ ಮೇಲಿಂದಲೇ ನನ್ನ ಪಾದ ಎಷ್ಟು ಹೊತ್ತು ಹಿಡಿದುಕೊಂಡು ಕಾದರೋ ಏನೋ. ನಾನು ಎದ್ದೆ ಎನ್ನಲಿಲ್ಲ.