ಪ್ರಾರ್ಥನೆ ಬಾರದೆ ಹೋದ ವರ್ಷ

ನನ್ನ ಗಂಡನ ದನಿ ತಿಪಟೂರಿನಿಂದ ಮಾಯಸಂದ್ರದವರೆಗೂ ಜನಕ್ಕೆ ಗೊತ್ತಿತ್ತು. ಅವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನಿಂತು "ತುರುವೇಕೆರೆ, ತುರುವೇಕೆರೆ, ಮಾಯಸಂದ್ರಾ" ಎಂದು ಕೂಗಿದರೆ ರಸ್ತೆಯಾಚೆಯ ಹೋಟೆಲಿನಲ್ಲಿ ಕೂತವರು ಅರ್ಧ ಲೋಟ ಕಾಫಿ ಬಿಟ್ಟು ಎದ್ದು ಬರುತ್ತಿದ್ದರು. ಅದೇ ದನಿ ಭಾನುವಾರ ನಮ್ಮ ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿತ್ತು. ನಮ್ಮದು ಸಣ್ಣ ಸಭೆ. ಹಾರ್ಮೋನಿಯಂ ಇದೆ, ನುಡಿಸುವವರಿಲ್ಲ. ಇವರು ಕಣ್ಣು ಮುಚ್ಚಿ ಮೊದಲ ಸಾಲು ಹಿಡಿದರೆ ಉಳಿದವರೆಲ್ಲ ಅವರ ಹಿಂದೆ ಸಾಗುತ್ತಿದ್ದೆವು.

ಒಂದು ವರ್ಷ ಕ್ರಿಸ್ಮಸ್ ಕಳೆದ ಮೇಲೆ ಆ ದನಿ ಕಟ್ಟಿಕೊಂಡಿತು. ವಾರವೆಲ್ಲ ಮನೆಮನೆಗೆ ಹೋಗಿ ಹಾಡಿದ್ದರಿಂದ ಹೀಗಾಗಿದೆ ಅಂದುಕೊಂಡೆವು. ಮೆಣಸಿನ ಕಷಾಯ ಮಾಡಿದೆ, ಉಪ್ಪುನೀರು ಮುಕ್ಕಳಿಸಲು ಕೊಟ್ಟೆ. ಎರಡು ತಿಂಗಳಾದರೂ ಹೋಗಲಿಲ್ಲ. ತುಮಕೂರಿನ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿ, ಚೂರು ತೆಗೆದು ಟೆಸ್ಟಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಕ್ಯಾನ್ಸರ್. ಆದ್ರೆ ಶುರುವಿನಲ್ಲೇ ಸಿಕ್ಕಿದೆ. ಬೆಂಗಳೂರಿಗೆ ಹೋಗಿ, ಕರೆಂಟ್ ಕೊಡ್ತಾರೆ, ರೇಡಿಯೇಷನ್ನು. ತಡ ಮಾಡ್ಬೇಡಿ."

ತಡ ಮಾಡಿದ್ದು ನಾನು.

ಅದೇ ವಾರ ಊರಾಚೆ ಶಾಮಿಯಾನ ಹಾಕಿ ಸ್ವಸ್ಥತೆಯ ಕೂಟ ನಡೆಯುತ್ತಿತ್ತು. ಎಲ್ಲಿಂದಲೋ ಬಂದಿದ್ದ ಬೋಧಕರೊಬ್ಬರು ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ನಾನು ಇವರ ಕೈ ಹಿಡಿದು ಕರೆದುಕೊಂಡು ಹೋದೆ. ಬೋಧಕರು ಇವರ ಗಂಟಲ ಮೇಲೆ ಕೈಯಿಟ್ಟು ತುಂಬ ಹೊತ್ತು ಪ್ರಾರ್ಥಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಕರ್ತನು ಮುಟ್ಟಿದ್ದಾನೆ. ಇನ್ನು ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಆತನ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ" ಅಂದರು.

ನಾನು ದಡ್ಡಿಯಲ್ಲ. ಬಟ್ಟೆ ಹೊಲಿದು ನನ್ನ ಕಾಲ ಮೇಲೆ ನಿಂತವಳು, ಪೇಪರ್ ಓದುವವಳು. ಆದರೂ ನಂಬಿದೆ. ಹುಟ್ಟಿದಾಗಿನಿಂದ ಆತ ವಾಸಿಮಾಡುವವನು ಎಂದು ಕೇಳಿಕೊಂಡೇ ಬೆಳೆದಿದ್ದೆ. ನನ್ನ ಸರದಿ ಬಂದಾಗ ನಂಬದಿದ್ದರೆ ಇಷ್ಟು ದಿನ ಹಾಡಿದ್ದೆಲ್ಲ ಸುಳ್ಳಾಗುತ್ತದಲ್ಲ ಎಂಬ ಭಯ. ಮನೆಗೆ ಬಂದು ಇವರಿಗೆ ಹೇಳಿದೆ: "ಈಸ್ಟರ್ ತನಕ ಕಾಯೋಣ ಕಣ್ರೀ." ಇವರು "ಆಯ್ತು ಬುಡು" ಅಂದರು.

ಈಸ್ಟರ್ ಹೊತ್ತಿಗೆ ದನಿ ಸ್ವಲ್ಪ ಬಿಟ್ಟಂತೆ ಕಂಡಿತು. ಕಂಡಿತೋ, ಕಾಣಲಿ ಎಂದು ನಾನು ಕಿವಿ ಕೊಟ್ಟೆನೋ, ಈಗ ಹೇಳಲಾರೆ. ಆ ಭಾನುವಾರ ಸಭೆಯ ಮುಂದೆ ಎದ್ದು ನಿಂತು ಸಾಕ್ಷಿ ಹೇಳಿದೆ. ನನ್ನ ಗಂಡನಿಗೆ ಬಂದಿದ್ದ ದೊಡ್ಡ ರೋಗವನ್ನು ದೇವರು ತೆಗೆದಿದ್ದಾನೆ ಎಂದೆ. ಜನ ಚಪ್ಪಾಳೆ ತಟ್ಟಿದರು. ಇಬ್ಬರು ಹೆಂಗಸರು ಅತ್ತರು. ಇವರು ಬೆಂಚಿನ ಕೊನೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಜೂನ್ ಹೊತ್ತಿಗೆ ಇವರಿಗೆ ಉಸಿರಾಡಲು ಕಷ್ಟವಾಯಿತು. ಬಸ್ಸಿನ ಮೆಟ್ಟಿಲು ಹತ್ತಿದರೆ ಗಂಟಲಿನಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಒಂದು ಮಧ್ಯಾಹ್ನ ತುರುವೇಕೆರೆಯಲ್ಲಿ ಕುಸಿದು ಕೂತರಂತೆ. ಡ್ರೈವರೇ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದ. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು. ಧ್ವನಿಪೆಟ್ಟಿಗೆ ಪೂರ್ತಿ ತೆಗೆದುಹಾಕಿದರು. ಕತ್ತಿನ ಬುಡದಲ್ಲಿ ಒಂದು ತೂತು ಮಾಡಿದರು. ಇನ್ನು ಉಸಿರು ಅದರಿಂದಲೇ. ಮಾತಿಲ್ಲ.

ಆಪರೇಷನ್ ಆದ ಮೂರನೇ ದಿನ ಸರ್ಜನ್ ನನ್ನೊಬ್ಬಳನ್ನೇ ಹೊರಗೆ ಕರೆದರು. ಬೈಯಲಿಲ್ಲ. ಫೈಲಿನಲ್ಲಿದ್ದ ತುಮಕೂರಿನ ರಿಪೋರ್ಟ್ ತೋರಿಸಿ, "ಆವಾಗ್ಲೇ ಬಂದಿದ್ರೆ ಕರೆಂಟಲ್ಲೇ ಮುಗೀತಿತ್ತಲ್ಲಮ್ಮ. ದನಿ ಉಳೀತಿತ್ತು. ಯಾಕೆ ಬರ್ಲಿಲ್ಲ?" ಎಂದು ಕೇಳಿದರು. ಅವರು ಹೋದ ಮೇಲೆ ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಆ ಬೋಧಕರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ಮನಸ್ಸಲ್ಲಿ ಎಲ್ಲೋ ಸಂದೇಹ ಬಂದಿರ್ಬೇಕು ತಂಗಿ. ನಿಮ್ಮನ್ನ ನೀವೇ ಪರೀಕ್ಷೆ ಮಾಡ್ಕೊಳ್ಳಿ."

ಊರಿಗೆ ಬಂದ ಮೇಲೆ ನನಗೆ ಪ್ರಾರ್ಥನೆ ಬಾರದೆ ಹೋಯಿತು.

ದೇವರಿಲ್ಲ ಅಂತ ಅನಿಸಲಿಲ್ಲ. ಹಾಗನ್ನಿಸಿದ್ದರೆ ಒಂದು ರೀತಿ ಬಿಡುಗಡೆಯೇ ಆಗುತ್ತಿತ್ತು. ಆತ ಇದ್ದಾನೆ, ನನ್ನನ್ನು ನೋಡುತ್ತಿದ್ದಾನೆ, ಆತನಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ, ಹಾಗಿತ್ತು. ಊಟಕ್ಕೆ ಕೂತಾಗ ಇವರು ಕೈ ಜೋಡಿಸಿ ತುಟಿ ಅಲುಗಿಸುತ್ತಿದ್ದರು. ನಾನು ಮುದ್ದೆಯನ್ನೇ ನೋಡುತ್ತ ಕೂತಿರುತ್ತಿದ್ದೆ. ಭಾನುವಾರ ಬೆಳಿಗ್ಗೆ ಇವರು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಅವರೊಬ್ಬರನ್ನೇ ಕಳಿಸಲಾರದೆ ಹೋಗುತ್ತಿದ್ದೆ. ಹಾಡು ಎತ್ತಿಕೊಡುವವರಿಲ್ಲದೆ ಸಭೆ ತಡವರಿಸುತ್ತಿತ್ತು. ಪಾದ್ರಿಗಳು ತುಂಬ ಮೇಲಿನ ಶ್ರುತಿಯಲ್ಲಿ ಹಿಡಿಯುತ್ತಿದ್ದರು, ಎರಡನೇ ಚರಣದಲ್ಲಿ ಜನ ಕೈಬಿಡುತ್ತಿದ್ದರು. ಇವರು ಬಾಯಿ ತೆರೆದು ಒಂದೊಂದು ಪದಕ್ಕೂ ತುಟಿ ಆಡಿಸುತ್ತಿದ್ದರು. ಅದನ್ನು ನೋಡಲಾರದೆ ನಾನು ಎದ್ದು ಹೊರಗೆ ಬಂದು ತೆಂಗಿನ ಮರದ ನೆರಳಲ್ಲಿ ನಿಲ್ಲುತ್ತಿದ್ದೆ. ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ಕರ್ತನ ಭೋಜನದ ರೊಟ್ಟಿ ಕೊಡುವಾಗ ಎಲ್ಲರೂ ಮುಂದೆ ಹೋದರೂ ನಾನು ಹೋಗುತ್ತಿರಲಿಲ್ಲ. ಸುಳ್ಳು ಸಾಕ್ಷಿ ಹೇಳಿದ ಬಾಯಿಗೆ ಆ ರೊಟ್ಟಿ ಹೇಗೆ ಇಟ್ಟುಕೊಳ್ಳಲಿ?

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ಇದ್ದಾರೆ. ನನಗೆ ಹೊಲಿಗೆ ಕಲಿಸಿದವರು, ನಾನು ಆಪಾ ಅನ್ನುತ್ತೇನೆ. ಇವರ ಕತ್ತಿನ ತೂತಿಗೆ ಧೂಳು ಹೋಗದ ಹಾಗೆ ತೆಳು ಹತ್ತಿ ಬಟ್ಟೆಯ ಹೊದಿಕೆ ಕಟ್ಟಬೇಕಿತ್ತು. ಅದನ್ನು ಹೊಲಿಯಲು ಆಪಾ ಮನೆಯಿಂದ ಹಳೆಯ ಮಲ್ ಬಟ್ಟೆ ತಂದುಕೊಟ್ಟರು. ಒಂದು ದಿನ ಇಬ್ಬರೂ ಕೂತು ಅದರ ಅಂಚು ಮಡಚುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಸರ್ಜನ್ ಹೇಳಿದ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ಅವರಿಗೆ ಗೊತ್ತಾ?" ಆಪಾ ಕೇಳಿದರು.

"ಇಲ್ಲ. ಹೇಳೋಕೆ ಧೈರ್ಯ ಇಲ್ಲ. ಪ್ರಾರ್ಥನೆ ಮಾಡೋಕೂ ಆಗ್ತಿಲ್ಲ ಆಪಾ."

ಆಪಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ನನ್ನ ದೊಡ್ಡ ಮಗ ತೀರ್ಕೊಂಡ ವರ್ಷ ನಮಾಜಿಗೆ ನಿಲ್ತಿದ್ದೆ. ಬಾಯಿಗೆ ಒಂದು ಮಾತೂ ಬರ್ತಿರಲಿಲ್ಲ. ಕೋಪ. ಅಲ್ಲಾನ ಮೇಲೇ ಕೋಪ. ಆದ್ರೂ ಹೊತ್ತಾದ ತಕ್ಷಣ ಕೈಕಾಲು ತೊಳ್ಕೊಂಡು ಹೋಗಿ ನಿಲ್ತಿದ್ದೆ. ಬರೀ ನಿಂತ್ಕೊಂಡು ಬರ್ತಿದ್ದೆ ಕಣಮ್ಮ. ಅಷ್ಟೇ ಆಗ್ತಿದ್ದಿದ್ದು ನನ್ ಕೈಲಿ."

"ಎಷ್ಟು ದಿನ?"

"ದಿನ ಅಲ್ಲ. ಬಹಳ ಕಾಲ." ಅವರು ಮತ್ತೆ ಸೂಜಿ ಹಿಡಿದರು. "ಮೊದಲು ಮನೆಯವರಿಗೆ ಹೇಳು. ಆಮೇಲೆ ದೇವರ ವಿಷಯ."

ಹೇಳಲು ಇನ್ನೂ ಎರಡು ವಾರ ಬೇಕಾಯಿತು. ಆ ಹೊತ್ತಿಗೆ ಬಸ್ಸಿನ ಮಾಲೀಕರು ಇವರಿಗೆ ಸ್ಟ್ಯಾಂಡಿನಲ್ಲಿ ಬಸ್ಸುಗಳ ಟೈಮ್ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದರು. ಕೈಯಲ್ಲೊಂದು ಸಿಳ್ಳೆ, ಅದೂ ಬಾಯಿಂದ ಊದಲಾಗದೆ ರಬ್ಬರ್ ಉಂಡೆ ಅದುಮಿದರೆ ಕೂಗುವಂಥದ್ದು. ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಇವರ ಮುಂದೆ ಕೂತು, ನೆಲ ನೋಡುತ್ತ ಎಲ್ಲ ಹೇಳಿದೆ. ಸರ್ಜನ್ ಅಂದಿದ್ದು, ಬೋಧಕರು ಅಂದಿದ್ದು. ಕೊನೆಗೆ, "ನಿಮ್ ದನಿ ಹೋಗಿದ್ದು ನನ್ನಿಂದ ಕಣ್ರೀ" ಅಂದೆ.

ಇವರು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದು ನನ್ನ ಕಡೆ ತಳ್ಳಿದರು. "ಗೊತ್ತು. ಡಾಕ್ಟರನ್ನ ನಾನೇ ಬರೆದು ಕೇಳಿದ್ದೆ."

ನಾನು ತಲೆಯೆತ್ತಿದೆ. ಇವರು ನೋಟ್‌ಬುಕ್ ಮತ್ತೆ ಎಳೆದುಕೊಂಡರು. ಈ ಸಲ ಬಹಳ ಹೊತ್ತು ಬರೆದರು, ಒಂದು ಸಾಲು ಹೊಡೆದುಹಾಕಿ ಮತ್ತೆ ಬರೆದರು.

"ನೀನು ಕಾಯೋಣ ಅಂದಾಗ ನಂಗೆ ಸಮಾಧಾನ ಆಯ್ತು. ಆಸ್ಪತ್ರೆ ಅಂದ್ರೆ ಅಷ್ಟು ಹೆದರಿಕೆ ಇತ್ತು. ನಮ್ಮಪ್ಪ ಆಸ್ಪತ್ರೆಗೆ ಹೋದೋರು ವಾಪಸ್ ಬರ್ಲಿಲ್ಲ. ನಿನ್ನ ನಂಬಿಕೆ ಹಿಂದೆ ನಾನು ಬಚ್ಚಿಟ್ಕೊಂಡೆ. ನೀನು ಸಾಕ್ಷಿ ಹೇಳಿದ ದಿನ ನಂಗೆ ವಾಸಿ ಆಗಿಲ್ಲ ಅಂತ ಗೊತ್ತಿತ್ತು. ಹೇಳ್ಲಿಲ್ಲ."

ಅದನ್ನು ಎರಡು ಸಲ ಓದಿದೆ. ಮೊದಲು ಬಂದದ್ದು ಸಿಟ್ಟು, ಇಷ್ಟು ದಿನ ನನ್ನೊಬ್ಬಳನ್ನೇ ಬೇಯಲು ಬಿಟ್ಟರಲ್ಲ ಎಂದು. ಕೂಗಿಯೂಬಿಟ್ಟೆ. ಅವರು ತಿರುಗಿ ಕೂಗಲಾರರು ಎಂಬುದು ಆಮೇಲೆ ನೆನಪಾಗಿ ಸುಮ್ಮನಾದೆ. ಇಬ್ಬರ ತಟ್ಟೆಯಲ್ಲೂ ಅನ್ನ ಆರಿಹೋಯಿತು. ಅವರು ನನ್ನ ಕೈ ಹಿಡಿದುಕೊಂಡು ಕೂತರು. ಆ ದಿನ ಮೂರು ಗಂಟೆಯ ಬಸ್ಸಿಗೆ ಅವರು ಸ್ಟ್ಯಾಂಡಿಗೆ ಹೋಗಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನಾನೇ ಪಾದ್ರಿಗಳ ಹತ್ತಿರ ಹೋದೆ. ನನಗಿಂತ ಚಿಕ್ಕ ವಯಸ್ಸಿನವರು, ಬೇರೆ ಎರಡು ಸಭೆಗಳನ್ನೂ ನೋಡಿಕೊಳ್ಳುವವರು. "ನನ್ನ ನಂಬಿಕೆಯೇ ನನ್ನ ಗಂಡನ ಗಂಟಲು ಕುಯ್ತು ಅಯ್ಯನೋರೆ. ಇನ್ನು ಯಾವ ನಂಬಿಕೆ ಇಟ್ಕೊಂಡು ಇಲ್ಲಿ ಬರ್ಲಿ?" ಎಂದು ಕೇಳಿದೆ.

ಅವರು ಗೋಡೆಯ ಮೇಲಿನ ಶಿಲುಬೆಯ ಕಡೆ ನೋಡಿದರು, ಮತ್ತೆ ನನ್ನ ಕಡೆ. "ನಂಗೆ ಉತ್ತರ ಗೊತ್ತಿಲ್ಲಮ್ಮ. ಆದ್ರೆ ಯೇಸುಸ್ವಾಮಿನೂ ಶಿಲುಬೆ ಮೇಲೆ ದೇವರೇ ನನ್ನನ್ನ ಯಾಕೆ ಕೈಬಿಟ್ಟೆ ಅಂತ ಕೂಗಿ ಕೇಳಿದ್ರು. ಆಗ ಆತನಿಗೂ ಉತ್ತರ ಬರ್ಲಿಲ್ಲ. ನೀವು ಕೇಳ್ತಾ ಇದ್ದೀರಿ ಅಂದ್ರೆ ಇನ್ನೂ ಆತನ ಜೊತೆ ಮಾತು ಬಿಟ್ಟಿಲ್ಲ ಅಂತ ನಾನು ಅಂದ್ಕೊಳ್ತೀನಿ."

ಆ ಮಾತಿನಿಂದ ಭಾರ ಇಳಿಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಅವತ್ತಿನಿಂದ ಹಾಡಿನ ಹೊತ್ತಿನಲ್ಲಿ ನಾನು ಹೊರಗೆ ಹೋಗಲಿಲ್ಲ. ಆಪಾ ಹೇಳಿದಂತೆ ನಿಲ್ಲುವುದೊಂದನ್ನು ಮಾಡಿದೆ. ಬಾಯಿ ಮುಚ್ಚಿಕೊಂಡು, ಇವರ ಪಕ್ಕದಲ್ಲಿ.

ಹೀಗೆ ಮತ್ತೊಂದು ಮಳೆಗಾಲ ಬಂತು. ಅರಳಗುಪ್ಪೆ ಕಡೆಯ ಒಬ್ಬ ಹೆಣ್ಣುಮಗಳು ರವಿಕೆ ಅಳತೆ ಕೊಡಲು ಬಂದಳು. ನಮ್ಮ ಸಭೆಗೆ ಹೊಸದಾಗಿ ಬರುತ್ತಿದ್ದವಳು, ನಲವತ್ತು ದಾಟಿರಲಿಲ್ಲ. ಟೇಪು ಸುತ್ತುವಾಗ ಎಡಗಡೆ ಮುಟ್ಟಬೇಡಿ ಎಂದು ಹಿಂದೆ ಸರಿದಳು. ಕೇಳಿದ್ದಕ್ಕೆ, "ಎದೇಲಿ ಗಂಟಾಗ್ಯದೆ ಕಣಕ್ಕಾ, ನಾಕು ತಿಂಗ್ಳಾಯ್ತು. ಉಪವಾಸ ಇದ್ದು ಪ್ರಾರ್ಥನೆ ಮಾಡ್ತಿದೀನಿ. ಡಾಕ್ಟ್ರ ಹತ್ರ ಹೋದ್ರೆ ದೇವರಿಗೆ ಬೇಜಾರಾಯ್ತದೇನೋ ಅಂತ ಹೆದರಿಕೆ" ಅಂದಳು.

ನಾನು ಟೇಪು ಕೆಳಗಿಟ್ಟೆ. "ಯಾರು ಹೇಳಿದ್ರು ಹಂಗಂತ?"

"ಯಾರೂ ಹೇಳ್ಲಿಲ್ಲಕ್ಕಾ. ನಿಮ್ ಯಜಮಾನ್ರಿಗೆ ಪ್ರಾರ್ಥನೆಯಿಂದ್ಲೇ ವಾಸಿ ಆಗಿತ್ತು ಅಂತ ನೀವೇ ಚರ್ಚಲ್ಲಿ ಹೇಳಿದ್ರಂತಲ್ಲ. ಆಮೇಲೆ ತಿರ್ಗಾ ಬಂತಂತೆ."

ನಾನು ಅವಳನ್ನು ಕುರ್ಚಿಯ ಮೇಲೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿದೆ, ಏನೂ ಬಚ್ಚಿಡದೆ. ತಿರುಗಿ ಬಂದಿದ್ದಲ್ಲ, ಹೋಗಿರಲೇ ಇಲ್ಲ ಎಂದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ತುಮಕೂರಿಗೆ ಕರೆದುಕೊಂಡು ಹೋದೆ. ಇವರೇ ಡ್ರೈವರಿಗೆ ಕೈಸನ್ನೆ ಮಾಡಿ ಮುಂದಿನ ಸೀಟು ಹಿಡಿಸಿಕೊಟ್ಟರು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಟೆಸ್ಟಿಗೆ ತೆಗೆಯಲು ಅವಳನ್ನು ಒಳಗೆ ಕರೆಯುವ ಮುಂಚೆ ಅವಳು ನನ್ನ ಸೆರಗು ಹಿಡಿದುಕೊಂಡಳು.

"ಅಕ್ಕಾ, ಒಂದು ಪ್ರಾರ್ಥನೆ ಮಾಡಿ."

ಒಂದು ವರ್ಷದ ಮೇಲಾಗಿತ್ತು. ನನಗೆ ಬರಲ್ಲ ಅನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಅನ್ನಲಾಗಲಿಲ್ಲ. ಕಣ್ಣು ಮುಚ್ಚಿದೆ. ವಾಸಿ ಮಾಡು ಎಂದು ಕೇಳಲು ನಾಲಗೆ ಹೊರಳಲಿಲ್ಲ. "ಅಪ್ಪಾ, ನಮಗೆ ಭಯ ಆಗ್ತಿದೆ. ಇವಳ ಜೊತೆ ಒಳಗೆ ಹೋಗು" ಅಂದೆ. ಅಷ್ಟೇ. ಅವಳು ಆಮೆನ್ ಅಂದು ಎದ್ದು ಹೋದಳು. ನಾನು ಆ ಬೆಂಚಿನ ಮೇಲೆ, ಹೋಗಿ ಬರುವವರೆಲ್ಲ ನೋಡುವಂತೆ, ಬಿಕ್ಕಿ ಬಿಕ್ಕಿ ಅತ್ತೆ.

ಅವಳಿಗೂ ಕ್ಯಾನ್ಸರೇ ಆಗಿತ್ತು. ಆಪರೇಷನ್ ಆಯಿತು, ಕೀಮೋ ಆಯಿತು. ಕೂದಲು ಉದುರಿದ ದಿನಗಳಲ್ಲಿ ತಲೆಗೆ ಕಟ್ಟಿಕೊಳ್ಳಲು ಆಪಾ ಅವಳಿಗೆ ಎರಡು ದುಪಟ್ಟಾ ಕೊಟ್ಟರು. ಈಗ ಆರು ತಿಂಗಳಿಗೊಮ್ಮೆ ಚೆಕಪ್ಪಿಗೆ ಹೋಗಿ ಬರುತ್ತಾಳೆ. ಮುಂದೇನು ಎಂದು ಡಾಕ್ಟರೂ ಮಾತು ಕೊಟ್ಟಿಲ್ಲ, ನಾನೂ ಕೊಟ್ಟಿಲ್ಲ.

ಅವಳ ಮೊದಲ ಕೀಮೋ ಮುಗಿದ ತಿಂಗಳು ನಾನು ಸಭೆಯ ಮುಂದೆ ಮತ್ತೆ ಎದ್ದು ನಿಂತೆ. ಹೋದ ವರ್ಷದ ಈಸ್ಟರಿನಲ್ಲಿ ನಾನು ಹೇಳಿದ್ದು ನಿಜವಾಗಿರಲಿಲ್ಲ, ಅದನ್ನು ಕೇಳಿ ಯಾರಾದರೂ ಆಸ್ಪತ್ರೆಗೆ ಹೋಗದೆ ಉಳಿದಿದ್ದರೆ ದಯವಿಟ್ಟು ಹೋಗಿ ಎಂದೆ. ಈ ಸಲ ಚಪ್ಪಾಳೆ ಇರಲಿಲ್ಲ. ಒಬ್ಬ ಹಿರಿಯರು ಮುಖ ತಿರುಗಿಸಿದರು. ಇವತ್ತಿಗೂ ಅವರು ನನ್ನ ಹತ್ತಿರ ಅಷ್ಟಾಗಿ ಮಾತಾಡುವುದಿಲ್ಲ. ಅದೇ ದಿನ ಕರ್ತನ ಭೋಜನವಿತ್ತು. ಇವರು ಎದ್ದು ನನ್ನ ಕಡೆ ನೋಡಿದರು. ನಾನೂ ಎದ್ದೆ. ಮೊಣಕಾಲೂರಿ ಕೈ ಚಾಚಿದೆ. ಪಾದ್ರಿಗಳು ರೊಟ್ಟಿಯ ತುಂಡು ಅಂಗೈಯಲ್ಲಿಟ್ಟರು. ಯೋಗ್ಯಳಾದೆ ಎಂದು ಅನಿಸಲಿಲ್ಲ. ಹಸಿವಾಗಿತ್ತು, ತಿಂದೆ.