ಮುಬೀನಸಾಬರ ಕುಡುಕ ಸಸಿ

ಸುಲೇಪೇಟದಾಗ ಹೆಬ್ಬೇವಿನ ಸಸಿ ಬೆಳೆಸೋ ಮುಬೀನಸಾಬರಿಗೆ ಗಿಡ ಅಂದ್ರ ಮಗಳಿಗೆ ನೋಡಿದ ವರ ಇದ್ದಂಗ, ಮೊದಲು ಖಾನದಾನ ಕೇಳ್ತಾರ! ಬೇರೆ ಬೇರೆ ತಾಯಿಮರದ ಸಸಿಗಳಿಗೆ ಒಂದೇ ಅಳತೆ ನೀರು ಹಾಕ್ತಾರ, ಅಷ್ಟರಾಗೇ ಸರ್ರನೆ ಎತ್ತರಾದದ್ದು ಕಂಡ್ರ ರಸ್ತಾದಾಗ ಹೋಗೋರನ್ನ ತಡೆದು, "ಬರ್ರಿ, ನನ್ನ ಅಳಿಯನ್ನ ನೋಡ್ರಿ! ಗುಟುಕು ಕುಡಿದು ಮುಗಿಲಿಗೆ ಹೊಂಟಾನ!" ಅಂತ ಕುಣೀತಾರ. ಅಷ್ಟು ನೀರು ಸಾಲದ ಬಾಡಿ ನಿಂತದ್ದಕ್ಕ "ಕುಡುಕ ಖಾನದಾನ, ಮಂದಿ ಬಾವಿ ಒಣಗಸ್ತೀ!" ಅಂತ ಬೈದು ಕಿತ್ತೊಗೀತಾರ. ಆದ್ರ ಮೂಲ್ಯಾಗ ಒಂದು ಗಿಡ್ಡ ಕುಡುಕ ಇನ್ನೂ ಉಳಕೊಂಡದ. "ಇದನ್ನ್ಯಾಕ ಕಿತ್ತಿಲ್ರಿ? ನ್ಯಾಯ ಎಲ್ಲಾದಕ್ಕೂ ಒಂದೇ ಅಲ್ಲೇನು?" ಅಂತ ನಾ ಜಗಳಕ್ಕ ನಿಂತ್ರ, "ನಾಳಿ ಕೀಳ್ತೀನಿ ತಗೋ, ಸುಮ್ನಿರು" ಅಂತಾರ. ಆಮ್ಯಾಲ ನಮಾಜಿನ ವೇಳ್ಯಾಕ ತಂಬಿಗಿ ಹಿಡಿದು, ನಳದ ಕಡೆ ಹೋಗದ, ಆ ಕುಡುಕನ ಬುಡದಾಗೇ ಕುಂತು ವಜೂ ಮಾಡ್ತಾರ. ಕೈಕಾಲು ಮಾರಿ ತೊಳೆದ ನೀರೆಲ್ಲ ಅದರ ಬೇರಿಗೇ ಇಳೀತದ.