ಮೂಗುಭಾರದಣ್ಣ

ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳನ್ನು ಕಾರಿನ ಹಿಂದೆ ಎಳೆದೊಯ್ಯುವ ಉದ್ದನೆಯ ಟ್ರೈಲರ್ ಮಾಡುವ ನಮ್ಮ ವೆಲ್ಡರಣ್ಣನಿಗೆ ಮೂಗುಭಾರದಣ್ಣ ಎಂದೇ ಹೆಸರು, ಏಕೆಂದರೆ ಎಲ್ಲರೂ ಭಾರಕ್ಕೆ ಹೆದರಿದರೆ ಇವನೊಬ್ಬ ಹಗುರಕ್ಕೆ ಹೆದರುತ್ತಾನೆ. ಕಾರಿಗೆ ಕೊಂಡಿ ಹಾಕುವ ತುದಿಯೇ ಟ್ರೈಲರಿನ ಮೂಗು. ಅದು ಕೆಳಕ್ಕೆ ಒತ್ತುತ್ತಲೇ ಇರಬೇಕು, ಇಲ್ಲದಿದ್ದರೆ ವೇಗದಲ್ಲಿ ಬಾಲ ಕುಣಿದು ಕಾರನ್ನೂ ಕೆಡವುತ್ತದೆ. ಅದಕ್ಕೇ ಚಕ್ರದ ಅಚ್ಚನ್ನು ಒಂದಿಷ್ಟು ಹಿಂದಕ್ಕೆ ಕೂರಿಸಿ, ಹೆಂಡತಿ ತೂಕ ನೋಡಿಕೊಳ್ಳುವ ಯಂತ್ರವನ್ನು ಮೂಗಿನಡಿ ಇಟ್ಟು ಏಳು ಸಲ ನೋಡಿ, ಎಂಟನೆಯ ಸಲ ಕನ್ನಡಕ ಒರೆಸಿ ನೋಡುತ್ತಾನೆ. "ಎತ್ತೋಕೆ ಸೊಂಟ ಬಿದ್ಹೋಗುತ್ತೆ, ಅಚ್ಚು ಒಂದು ಗೇಣು ಮುಂದಕ್ಕೆ ಹಾಕಣ್ಣ" ಎಂದ ಗಿರಾಕಿಗೆ, "ಸೊಂಟಕ್ಕಾದ್ರೆ ಎಣ್ಣೆ ಹಚ್ಕೋತೀಯ, ಬಾಲ ಕುಣಿದ್ರೆ ಏನು ಹಚ್ತೀಯ?" ಎನ್ನುತ್ತಾನೆ. ನಾಯಿ ಬಾಲ ಅಲ್ಲಾಡಿಸಿದರೂ ಇವನ ಮುಖ ಬಿಳಿಚಿಕೊಳ್ಳುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು. ಮೊನ್ನೆ ಅವನ ಮಗಳು ಮೊದಲ ಸಲ ತಾನೇ ಟ್ರೈಲರ್ ಎಳೆದೊಯ್ಯಲು ಬಂದು, ಮೂಗನ್ನು ಒಂದೇ ಕೈಯಲ್ಲಿ ಎತ್ತಿ, "ಅಪ್ಪಾ, ಹೂವಿನ ಹಾಗಿದೆ!" ಎಂದಳು. ಅಣ್ಣ ಓಡಿಬಂದು ಅವಳ ಕೈಯಿಂದ ಕಾರಿನ ಕೀಲಿ ಕಿತ್ತುಕೊಂಡ. ಯಾರೋ ಹಿಂತುದಿಯಲ್ಲಿ ತುಂಬಿಟ್ಟು ಮೂಗನ್ನು ಹಗುರ ಮಾಡಿದ್ದ ಸಲಕರಣೆ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ತೂಕದ ಯಂತ್ರವನ್ನು ಮತ್ತೆ ಮೂಗಿನಡಿ ಇಟ್ಟ. "ಇಷ್ಟಕ್ಕೆಲ್ಲ ಯಾಕಪ್ಪ ಹೀಗಾಡ್ತೀಯ?" ಎಂದಳು ಮಗಳು. "ನಿನ್ನ ಚಿಕ್ಕಪ್ಪನಿಗೆ ಸೊಂಟನೋವು ಅಂತ ನಾನೇ ಅಚ್ಚು ಒಂದು ಗೇಣು ಮುಂದಕ್ಕೆ ಹಾಕ್ಕೊಟ್ಟಿದ್ದೆ ಮಗಳೇ. ಕಾರು ಉರುಳಿ ಅವನ ಜೀವ ಹೋದ ಆ ಇಳಿಜಾರಿಗೆ ಹೊರಡೋ ಮುಂಚೆ ಅವನೂ ಒಂದೇ ಕೈಯಲ್ಲಿ ಎತ್ತಿ ನಕ್ಕಿದ್ದ, ಹೂವಿನ ಹಾಗಿದೆ ಅಣ್ಣಾ ಅಂತ."